ತಡಿ

ಫೋರ್ಟಿನ ಈ ದಫ್ತರಖಾನೆಯಲ್ಲಿ ಫ್ಯಾನು ಹಾಕುವಂತಿಲ್ಲ,
ಹಾಕಿದರೆ ಕಂಪನಿ ಸರಕಾರ ಹಾರಿಹೋಗುತ್ತದೆ
ಹಾಳೆ ಹಾಳೆಯಾಗಿ.
ಮೈದಾ ಅಂಟಿನ ಬಟ್ಟಲು, ಮೆತ್ತನೆ ಕುಂಚ,
ಈರುಳ್ಳಿ ಪೊರೆಯಷ್ಟು ತೆಳ್ಳಗಿನ ಕಾಗದ.
ಇಪ್ಪತ್ತೆರಡು ವರ್ಷ ಬೆವರುತ್ತ
ತೂತು ಮುಚ್ಚಿಕೊಂಡು ಬಂದವಳು ನಾನು.

ಆಷಾಢದ ಒಂದು ಮಂಗಳವಾರ
ಪಿನಾಂಗಿನಿಂದ ಝಲೇಹಾ ಬಂದಳು
ಒದ್ದೆ ಕೊಡೆಯನ್ನು ಬಾಗಿಲಾಚೆ ಮಗುವಿನಂತೆ ಕೂರಿಸಿ.
ಕೈಯಲ್ಲಿ ಸಕ್ಕರೆ ಹಚ್ಚಿ ಒಣಗಿಸಿದ ಜಾಯಿಹಣ್ಣಿನ ಪೊಟ್ಟಣ.
ದ್ವೀಪಕ್ಕೆ ಅಡಿಕೆಯ ಹೆಸರಂತೆ,
ಊರಿಗೆ ಅವರು ತಂಜುಂಗ್ ಅನ್ನುತ್ತಾರೆ, ಬರೀ ಭೂಶಿರ.
ನೀರಲ್ಲಿ ಕಂಬ ಊರಿ ನಿಂತ ಚೀನೀ ಮನೆಗಳು,
ಅವುಗಳ ಕೆಳಗೆ ದಿನಕ್ಕೆರಡು ಸಲ ಕಡಲು ಬಂದು ಹೋಗುವುದು;
ಆಚೆ ಒಂದು ಬೀದಿ, ಹಜ್ಜಿನ ಹಡಗು ಕಾಯುತ್ತ
ತಿಂಗಳುಗಟ್ಟಲೆ ಬಾಡಿಗೆಗಿದ್ದವರಲ್ಲಿ ಕೆಲವರು
ಅಲ್ಲೇ ಮದುವೆಯಾಗಿ ಹಡಗನ್ನೇ ಮರೆತರಂತೆ.

ಮೊಹರಮ್ಮಿಗೆ ಬೋರಿಯಾ ಕಟ್ಟಿ ಹಾಡುವಾಗ
ತಾವು ಬರ್ಮಾದವರೆಂದೇ ಮನೆಯವರು ಹೇಳಿಕೊಳ್ಳುತ್ತಿದ್ದರು.
ಮೊದಲ ಹಿರಿಯನ ಹೆಸರು ತೋಕ್ ಬರ್ಮಾ.
‘ಆದರೆ ಅವನು ಇಳಿದದ್ದು ಬೊಂಬಾಯಿ ಹಡಗಿನಿಂದ.
ಕಾಲಿಗೆ ಸರಪಳಿ ಇತ್ತು.
ಗೊತ್ತಿರುವುದು ಇಷ್ಟೇ.’

೧೮೩೯ರ ರಿಜಿಸ್ಟರು. ಗೋರೆ ಗುಮಾಸ್ತನ ಬಾಲಬಿಟ್ಟ ಅಕ್ಷರ.
ಬರ್ಮಪಾ, ಧಾರ್ವಾರ್.
ಐದಡಿ ನಾಲ್ಕಂಗುಲ. ಎಡಗಿವಿಯಲ್ಲಿ ತೂತು, ಒಂಟಿ ಇಲ್ಲ.
ಮಜಗಾಂವ್ ಕಡೆಯಿಂದ ಹತ್ತಿಸಿದ್ದು.
ಅವಳು ಮತ್ತೆ ಬರ್ಮಾ ಎಂದೇ ಓದಿದಳು.
ನಾನು ಓದಿದೆ, ನಮ್ಮಜ್ಜಿ ಅಂಗಳದ ತುದಿಗೆ ನಿಂತು
ಹೊಲದಲ್ಲಿದ್ದವನನ್ನು ಕರೆಯುತ್ತಿದ್ದ ಹಾಗೆ:
ಭರಮಪ್ಪಾ...
ವಿದ್ವಾಂಸರೆಲ್ಲ ಕತ್ತೆತ್ತಿ ನೋಡಿದರು.

ಮಧ್ಯಾಹ್ನ ಮೂಲೆಯ ಉಡುಪಿ ಹೋಟೆಲು.
ಎರಡು ದೋಸೆ ಅಂದೆ ಮಾಣಿಗೆ. ಅವಳು ನಕ್ಕಳು,
ಮಲಯುವಿನಲ್ಲಿ ದೋಸ ಎಂದರೆ ಪಾಪವಂತೆ.
ನಮ್ಮಲ್ಲೂ ಹಾಗೇ, ಹೊಟ್ಟೆ ಸೀಳಿದ ಷ ಹಾಕಿದರೆ.
ಜೈಲಿಗೆ ಪೆಂಜಾರ. ಹೆಂಡತಿಗೆ ಇಸ್ತ್ರಿ;
ಮಾಣಿ ತನ್ನ ಮುದುರಿದ ಅಂಗಿ ನೋಡಿಕೊಂಡ.

ಕೈ ತೊಳೆಯುವಾಗ ಸುಮ್ಮನೆ ಹೇಳಿದಳು:
‘ನಮ್ಮಜ್ಜಿಗೆ ಮಲಯು ಸರಿಯಾಗಿ ಬರುತ್ತಿರಲಿಲ್ಲ.
ತಡಿ ಅಂದರೆ ಆಗಲೇ, ಇದೀಗ ಮುಗಿದದ್ದು.
ಅಜ್ಜಿ ಅದನ್ನು ಓಡುವ ಮಕ್ಕಳಿಗೆ ಹೇಳುವಳು
ಅಂಗೈ ಒಡ್ಡಿ, ತಡಿ, ತಡಿ.
ಹೊಸಿಲಲ್ಲಿ ಚಪ್ಪಲಿ ಮೆಟ್ಟುವವರಿಗೆ. ಉಕ್ಕುವ ಹಾಲಿಗೆ.
ಉಸಿರು ಬಿಡುತ್ತಿದ್ದ ತಾತನಿಗೆ ಕೂಡ.
ನಾವು ನಗುತ್ತಿದ್ದೆವು.’

ನಲ್ಲಿ ನಿಲ್ಲಿಸಲು ಮರೆತೆ.

ಅದು ತಪ್ಪು ಮಲಯು ಅಲ್ಲ ಹುಡುಗಿ,
ಧಾರವಾಡದ ಸರಿಯಾದ ಕನ್ನಡ.
ನೂರೆಂಬತ್ತು ಚಿಲ್ಲರೆ ವರ್ಷ, ಯಾರೂ ಅರ್ಥ ಕೇಳದೆ
ಬಾಯಿಂದ ಬಾಯಿಗೆ ದಾಟಿಸಿದ್ದಾರೆ,
ಬೇಡಿ ಬಿಚ್ಚಿದ ಮೇಲೂ ಕಣಕಾಲಲ್ಲುಳಿಯುವ ಕಲೆಯಂತೆ.
ಕಡಲಿನ ಅಂಚಿಗೂ ನಾವು ಅದನ್ನೇ ಅನ್ನುತ್ತೇವೆ.
ಇಷ್ಟನ್ನೂ ಹರಕು ಹಿಂದಿಯಲ್ಲಿ ಹೇಳಿದೆ.
ಅವಳು ಅಳಲಿಲ್ಲ, ಬಿಲ್ಲಿನ ಹಿಂದೆ ಬರೆದುಕೊಂಡಳು.

ಮತ್ತೆ ರಿಜಿಸ್ಟರು. ‘ಅವನ ದೋಸ ಏನಿತ್ತು?’
ಆ ಕಲಮನ್ನು ಹುಳ ತಿಂದಿದೆ.
ಕೊಲೆಯೋ, ಎತ್ತು ಹೊಡೆದುಕೊಂಡು ಹೋದದ್ದೋ,
ಗೌಡನೊಬ್ಬನ ಕಣ್ಣಿಗೆ ಬಿದ್ದದ್ದೇ ಇರಬಹುದು.
ಕಡಲೆಕಾಳಿನಷ್ಟು ತೂತು, ಅದರಾಚೆ ನನ್ನ ಮೇಜಿನ ಮರ.
ಅಂಟು ಹಚ್ಚಿ ಬಿಳಿ ಕಾಗದ ಕೂರಿಸಬಹುದು,
ಮೇಲೆ ಅಕ್ಷರ ಬರೆಯುವಂತಿಲ್ಲ.
ನಮ್ಮ ಕಸುಬಿನ ನೇಮ.

ಐದಕ್ಕೆ ಹೊರಟಳು. ಮಳೆ ಜೋರು,
ಕೊಡೆ ಬಾಗಿಲಾಚೆ ಕೂತೇ ಇತ್ತು.
ಎತ್ತಿಕೊಂಡು ಮೆಟ್ಟಿಲಿಗೆ ಓಡಿದೆ, ಕೂಗಿದೆ,
ಯಾವ ಭಾಷೆಯಲ್ಲಿ ಕೂಗಿದೆನೋ.
ನಿಂತಳು, ರಸ್ತೆಯ ನಟ್ಟನಡುವೆ.
ಅವಳ ಹಿಂದೆ ಒಂದು ಟ್ಯಾಕ್ಸಿಯೂ ನಿಂತು
ಹಾರ್ನು ಹೊಡೆಯತೊಡಗಿತು.